ಯಾವುದಕ್ಕೆ ಅಂತ ಹೇಳಬೇಕು

"ಕಾಲಿನ ಕಡೆ ಸ್ವಲ್ಪ ಎತ್ತಪ್ಪ, ಬಾಗಿಲಿಗೆ ತಾಗುತ್ತೆ" ಎಂದು ಮೇಷ್ಟರ ಹೆಂಡತಿ ಮೈದುನನನ್ನು ಗದರಿದಳು. ಹೆಣ ನಡುಮನೆಗೆ ಬಂತು. ನಲವತ್ತು ವರ್ಷ ಇಂಗ್ಲಿಷ್ ಕಲಿಸಿದ ಗಂಡ ಸತ್ತರೂ ಅವನ ಮೇಲಿನ ಅವಳ ಸಿಟ್ಟು ಇಳಿದಿರಲಿಲ್ಲ. ಗೋಡೆಗುಂಟ ಕೂತಿದ್ದ ಹಳೆಯ ವಿದ್ಯಾರ್ಥಿಗಳ ಬಾಯಲ್ಲಿ ಬರೀ ಹೊಗಳಿಕೆ.

"ತಪ್ಪು ಕಂಡ್ರೆ ಮೇಷ್ಟ್ರು ಬಿಡ್ತಾನೇ ಇರ್ಲಿಲ್ಲ" ಎಂದ ವಕೀಲ.

"ಬೇರೆಯವರದ್ದಾದ್ರೆ" ಎಂದಳು ಅವಳು.

ಅಷ್ಟರಲ್ಲಿ ಮೂಲೆ ಅಂಗಡಿಯ ದರ್ಜಿ ಹೆಂಗಸು ಒಳಗೆ ಬಂದಳು. ಒಂದು ಕಾಲದ ಸಹಪಾಠಿಯನ್ನು ಕಂಡು ವಕೀಲ ನೆಲ ನೋಡಿದ.

*

ದರ್ಜಿಗಾಗ ಹದಿನಾಲ್ಕು ವರ್ಷ. ಅವಳ ಪ್ರಬಂಧವನ್ನು ಮೇಷ್ಟ್ರು ಇಡೀ ತರಗತಿಯೆದುರು ಹರಿದು, "ಇದು ನಿನ್ನ ತಲೆಯಿಂದ ಬಂದದ್ದಲ್ಲ, ಕದ್ದದ್ದು" ಎಂದಿದ್ದರು. ಅವಳು ಮತ್ತೆ ಶಾಲೆಯ ಮೆಟ್ಟಿಲು ಹತ್ತಲಿಲ್ಲ. ಪ್ರಬಂಧ ಅವಳದೇ ಎನ್ನಲು ಸಾಕ್ಷಿಯಾಗಿ, ಸಾಲುಗಳನ್ನು ಹೊಡೆದುಹಾಕಿ ತಿದ್ದಿ ಬರೆದ ಅವಳ ಕರಡು ಶಾಲೆಯ ಕಪಾಟಿನಲ್ಲಿ ಮೇಷ್ಟರ ಕೈಗೆ ಸಿಗುವ ಹೊತ್ತಿಗೆ ವರ್ಷ ಕಳೆದಿತ್ತು.

"ಹೋಗಿ ತಪ್ಪಾಯ್ತು ಅಂದು ಬನ್ನಿ" ಎಂದು ಹೇಳಿ ಹೇಳಿ ಹೆಂಡತಿಯ ನಾಲಿಗೆ ಸವೆಯಿತು.

"ಬರೀ ಸಾರಿ ಸಾಲದು ಕಣೇ. ಅಟೋನ್ ಅಂತ ಒಂದು ಕ್ರಿಯಾಪದ ಇದೆ. ಅಂದ್ರೆ ತಪ್ಪನ್ನ ಏನಾದ್ರೂ ಮಾಡಿ ತೀರಿಸ್ಬೇಕು. ಅದರ ಹಿಂದೆ ಫಾರ್ ಬರ್ಬೇಕು, ಯಾವುದಕ್ಕೆ ಅಂತ ಹೇಳ್ಬೇಕು."

"ಹಾಗಾದ್ರೆ ಹೇಳಿ."

"ಸಮಯ ಬರ್ಲಿ."

ಅರ್ಥ ಬಿಡಿಸುವುದರಲ್ಲೇ ಮೂವತ್ತು ವರ್ಷ ಹೋಯಿತು.

*

ದರ್ಜಿ ಹೂವಿಟ್ಟು ಹೆಂಡತಿಯ ಪಕ್ಕಕ್ಕೆ ಬಂದಳು.

"ಪ್ರತಿ ಭಾನುವಾರ ಅಂಗಡಿಗೆ ಬರೋರು ಅಮ್ಮ. ಅಂಗಿಯ ಗಟ್ಟಿ ಗುಂಡೀನ ತಾವೇ ಕಿತ್ಕೊಂಡು ತರೋರು. ಹಾಕೋವರೆಗೂ ಸ್ಟೂಲ್ ಮೇಲೆ ಕೂತಿರೋರು. ಏನೋ ಹೇಳ್ತಾರೆ ಅಂತ ನಾನೂ ನಿಧಾನವಾಗಿ ಹೊಲೀತಿದ್ದೆ. 'ಮಳೆ ಬರೋ ಹಾಗಿದೆ' ಅಂದು ಎದ್ದು ಹೋಗೋರು."

"ಬೇಸಿಗೇಲೂ?"

"ಬೇಸಿಗೇಲೂ."

ಹೆಂಡತಿಗೆ ಮೈಯೆಲ್ಲ ಉರಿಯಿತು. ಹೆಣದ ಕಡೆ ತಿರುಗಿದಳು. "ಇಷ್ಟು ಓದಿ ಏನು ಬಂತು ನಿಮಗೆ?" ಹೆಣ ಎಂದಿನಂತೆ ಸುಮ್ಮನಿತ್ತು. ಅವಳು ಗೋಡೆಗುಂಟ ಕೂತವರತ್ತ ನೋಡಿದಳು.

"ಎಲ್ರೂ ಕೇಳಿಸ್ಕೊಳ್ಳಿ. ಆ ಪ್ರಬಂಧ ಇವಳೇ ಬರೆದಿದ್ದು. ಕದ್ದಿರಲಿಲ್ಲ. ನಿಮ್ಮ ಮೇಷ್ಟ್ರಿಗೆ ಅದು ಗೊತ್ತಿತ್ತು. ತಪ್ಪು ಅವರದ್ದು."

ಹೊರಗೆ ಶವದ ಗಾಡಿಯವನು ಎರಡನೇ ಸಲ ಹಾರ್ನ್ ಹೊಡೆದ. ವಕೀಲ ಎದ್ದು ತನ್ನ ಕುರ್ಚಿಯನ್ನು ದರ್ಜಿಯ ಕಡೆ ಸರಿಸಿದ. ಅವಳು ಕೂರಲಿಲ್ಲ. ಅದರ ಬೆನ್ನ ಮೇಲೆ ಕೈಯೂರಿ, ಎದುರಿದ್ದ ಮುಖಗಳನ್ನು ಒಂದೊಂದಾಗಿ ನೋಡುತ್ತ ಬಂದಳು. ನೋಟ ತಾಗಿದವರು ಒಬ್ಬೊಬ್ಬರೇ ಎದ್ದು ನಿಂತರು.