ಸಿಲೋನಿಗೆ ಹೋದವಳು

ಮೈಸೂರಿನಲ್ಲಿ ಬರೀ ದೇವೀರಮ್ಮ ಎಂದರೆ ನಾನು ಯಾರೆಂದು ಒಬ್ಬರಿಗೂ ಗೊತ್ತಾಗುವುದಿಲ್ಲ. ಸಿಲೋನ್ ದೇವೀರಮ್ಮ ಎನ್ನಬೇಕು. ನಜರ್‌ಬಾದಿನ ಹಾಲಿನವನಿಂದ ಹಿಡಿದು ನಮ್ಮ ಸ್ಕೂಲಿನ ಹೆಡ್‌ಮಿಸ್ಟ್ರೆಸ್‌ವರೆಗೆ ಎಲ್ಲರೂ ಹಾಗೇ ಕರೆಯುತ್ತಾರೆ. ೧೯೫೨ರಲ್ಲಿ ನೆಟ್‌ಬಾಲ್ ಆಡಲು ಹಡಗು ಹತ್ತಿ ಸಿಲೋನಿಗೆ ಹೋಗಿ ಬಂದವಳು ನಾನು. ನಾಲ್ಕು ವರ್ಷ ಇಂಡಿಯಾ ತಂಡಕ್ಕೆ ಆಡಿದೆ. ಮಂಡಿ ಕೈಕೊಟ್ಟ ಮೇಲೆ ಬಿಟ್ಟೆ. ಈಗ ಹೆಣ್ಣುಮಕ್ಕಳ ಹೈಸ್ಕೂಲಿನಲ್ಲಿ ಡ್ರಿಲ್ ಟೀಚರ್. ನನ್ನ ಮುಂಗೋಪ ಊರಿಗೆಲ್ಲ ಗೊತ್ತು. ಆದರೆ ಸಿಲೋನ್ ಎಂದು ಕರೆದಾಗ ಯಾಕೆ ಸಿಡುಕುತ್ತೇನೆಂದು ಯಾರಿಗೂ ಗೊತ್ತಿಲ್ಲ. ತಂಡದಲ್ಲಿದ್ದ ಆ ಜಾಗ ನನ್ನದಲ್ಲ, ನನ್ನ ಗೆಳತಿ ಗಿರಿಜಾಂಬಾಳದು. ನಾನು ಅದನ್ನು ಕದ್ದೆ.

ನೆಟ್‌ಬಾಲಿನಲ್ಲಿ ಚೆಂಡು ಹಿಡಿದುಕೊಂಡು ಓಡುವ ಹಾಗಿಲ್ಲ. ಹಿಡಿದಲ್ಲೇ ನಿಂತು ಇನ್ನೊಬ್ಬಳಿಗೆ ಎಸೆಯಬೇಕು. ಹತ್ತಡಿ ಕಂಬದ ತುದಿಯಲ್ಲಿರುವ ಬಳೆಯೊಳಗೆ ಚೆಂಡು ಹಾಕುವ ಕೆಲಸ ಶೂಟರಿನದು. ಕಾಲೇಜಿನಲ್ಲಿ ನಾವಿಬ್ಬರೂ ಶೂಟರುಗಳೇ. ನಾನು ಹತ್ತು ಸಲ ಎಸೆದರೆ ಆರು ಬೀಳುತ್ತಿತ್ತು, ಗಿರಿಜಾ ಎಸೆದರೆ ಒಂಬತ್ತು. ಅವಳು ಸೀರೆಯ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ, ಕಂಬವನ್ನು ಒಮ್ಮೆ ನೋಡಿ, ಅವಸರವೇ ಇಲ್ಲದೆ ಎಸೆಯುತ್ತಿದ್ದಳು. ನೋಡಿದರೆ ನನಗೆ ಮೈಯೆಲ್ಲ ಉರಿಯುತ್ತಿತ್ತು. ಅವಳು ನನ್ನ ಜೀವದ ಗೆಳತಿ, ಅದೂ ಸುಳ್ಳಲ್ಲ.

ಸಿಲೋನಿಗೆ ಹೋಗುವ ತಂಡಕ್ಕೆ ಮೈಸೂರಿನಿಂದ ಒಬ್ಬಳೇ ಶೂಟರ್ ಎಂದು ಗೊತ್ತಾಯಿತು. ಆರಿಸಲು ಮದ್ರಾಸಿನಿಂದ ಒಬ್ಬ ದೊಡ್ಡ ಮನುಷ್ಯರು ಬರುವವರಿದ್ದರು, ಭಾನುವಾರ ಸಂಜೆ ನಾಲ್ಕಕ್ಕೆ. ಗಿರಿಜಾಳ ತಂದೆ ಚನ್ನಬಸವಯ್ಯನವರು ಅವಳ ಮದುವೆಯ ಮಾತುಕತೆ ನಡೆಸಿದ್ದರು. ಆದರೂ ಅವರು, "ಆರಿಸಿದ್ರೆ ಹೋಗಿ ಬಾ ಮಗಳೇ, ಮದುವೆ ಮುಂದಕ್ಕೆ ಹಾಕಾಣ. ಇಲ್ಲಾಂದ್ರೆ ಈ ಶ್ರಾವಣದಲ್ಲೇ ಮಾಡ್ಬುಡಾಣ" ಎಂದಿದ್ದರಂತೆ. ಅವಳು ಅದನ್ನು ನನಗೆ ನಗುತ್ತ ಹೇಳಿದ್ದಳು.

ಶನಿವಾರ ಮಧ್ಯಾಹ್ನ ನಮ್ಮ ಡ್ರಿಲ್ ಟೀಚರ್ ಪ್ರೇಮಲೀಲಾ ಮಿಸ್ ನನ್ನನ್ನು ಕರೆದರು. ಮದ್ರಾಸಿನವರು ಬೇಗ ರೈಲು ಹಿಡಿಯಬೇಕಂತೆ, ಹಾಗಾಗಿ ಆಯ್ಕೆ ಬೆಳಿಗ್ಗೆ ಒಂಬತ್ತಕ್ಕೇ. "ಗಿರಿಜಾಗೆ ನೀನೇ ಹೋಗಿ ಹೇಳ್ಬುಡು, ಮರೀಬೇಡ" ಎಂದರು. ಗಿರಿಜಾಳ ಮನೆ ಅಗ್ರಹಾರದಲ್ಲಿ. ಹೋದೆ. ಬೀದಿಯ ತಿರುವಿನವರೆಗೆ ಹೋದೆ. ಅವಳ ಮನೆಯ ಹಸಿರು ಬಾಗಿಲು ಕಾಣುತ್ತಿತ್ತು. ಹೂವಿನ ಅಂಗಡಿಯ ಮುಂದೆ ಐದು ನಿಮಿಷ ನಿಂತೆ, ಅರ್ಧ ಮೊಳ ಕನಕಾಂಬರ ಕೊಂಡೆ, ಮನೆಗೆ ವಾಪಸು ಬಂದೆ.

ಮರುದಿನ ಬೆಳಿಗ್ಗೆ ಮೈದಾನದಲ್ಲಿ ಗಿರಿಜಾ ಎಲ್ಲಿ ಎಂದು ಮಿಸ್ ಕೇಳಿದರು. ನನ್ನ ಬಾಯಲ್ಲಿ ಉತ್ತರ ಸಿದ್ಧವಾಗಿಯೇ ಇತ್ತು. "ಹೊರಗಾಗಿದ್ದಾಳಂತೆ ಮಿಸ್" ಎಂದೆ.

ಆ ಮಾತಿಗೆ ಎರಡನೇ ಪ್ರಶ್ನೆ ಇರುವುದಿಲ್ಲ. ಅದು ನನಗೆ ಚೆನ್ನಾಗಿ ಗೊತ್ತಿತ್ತು. ನಮ್ಮ ಮನೆಯಲ್ಲಿ ತಿಂಗಳಿಗೆ ಮೂರು ದಿನ ನಾನು ಹಿತ್ತಲಿನ ಕೊಟ್ಟಿಗೆಯ ಪಕ್ಕದ ಜಗಲಿಯಲ್ಲಿ ಕೂರುತ್ತಿದ್ದೆ. ಅವ್ವ ತಟ್ಟೆಯನ್ನು ದೂರದಿಂದ ತಳ್ಳುತ್ತಿದ್ದಳು. ಅಪ್ಪ ಆ ಕಡೆ ತಲೆಯೆತ್ತಿಯೂ ನೋಡುತ್ತಿರಲಿಲ್ಲ. ಎಲ್ಲರ ಮನೆಯಲ್ಲೂ ಹೀಗೇ ಎಂದು ತಿಳಿದಿದ್ದೆ. ಮದ್ರಾಸಿನ ದೊಡ್ಡ ಮನುಷ್ಯರು ಮುಖ ತಿರುಗಿಸಿ ಗಡಿಯಾರ ನೋಡಿಕೊಂಡರು. ಮಿಸ್ ತಲೆ ತಗ್ಗಿಸಿದರು. ಅವತ್ತು ನಾನು ಹತ್ತಕ್ಕೆ ಏಳು ಹಾಕಿದೆ.

ಗಿರಿಜಾ ಸಂಜೆ ನಾಲ್ಕಕ್ಕೆ ಬಂದು ಖಾಲಿ ಮೈದಾನದಲ್ಲಿ ದೀಪ ಹಚ್ಚುವ ಹೊತ್ತಿನವರೆಗೂ ಕೂತಿದ್ದಳೆಂದು ಆಮೇಲೆ ಮಾಲಿ ಹುಚ್ಚಯ್ಯ ಹೇಳಿದ. ಅವಳು ಕೇಳಿದರೆ ಹೇಳಲು ಇನ್ನೊಂದು ಸುಳ್ಳು ಹೆಣೆದಿಟ್ಟುಕೊಂಡಿದ್ದೆ. ಅವಳು ಕೇಳಲೇ ಇಲ್ಲ. ಸೋಮವಾರ ಸಿಕ್ಕಾಗ "ಚೆನ್ನಾಗಿ ಆಡಿ ಬಾ ಕಣೆ" ಎಂದಳು. ರೈಲ್ವೆ ಸ್ಟೇಷನ್ನಿಗೂ ಬಂದಳು. ಎಂಥ ಪೆದ್ದಿ ಇವಳು, ಏನೂ ಗೊತ್ತಾಗಲಿಲ್ಲವಲ್ಲ ಎಂದುಕೊಂಡೆ. ಹಾಗೆ ಅಂದುಕೊಂಡದ್ದನ್ನು ನೆನೆದರೆ ಈಗಲೂ ನನ್ನ ಕೆನ್ನೆಗೆ ನಾನೇ ಬಾರಿಸಿಕೊಳ್ಳಬೇಕೆನಿಸುತ್ತದೆ.

ನಾನು ಸಿಲೋನಿನಿಂದ ಬರುವಷ್ಟರಲ್ಲಿ ಅವಳ ಮದುವೆ ಆಗಿಹೋಗಿತ್ತು. ಅವಳು ಮತ್ತೆ ಚೆಂಡು ಮುಟ್ಟಲಿಲ್ಲ. ಅವಳು ಎದುರಿಗೆ ಸಿಕ್ಕರೆ ಬಿಸಿಲು, ಬೆಲೆ, ಮಕ್ಕಳ ನೆಗಡಿ, ಇಷ್ಟೇ ಮಾತು. ಎರಡು ನಿಮಿಷಕ್ಕಿಂತ ಹೆಚ್ಚು ನಾನು ನಿಲ್ಲುತ್ತಿರಲಿಲ್ಲ.

ಹದಿನಾರು ವರ್ಷ ಹೀಗೇ ತಳ್ಳಿದೆ. ಮೊನ್ನೆ ಜೂನಿನಲ್ಲಿ ಅವಳು ಮಗಳು ನೀಲಾಳನ್ನು ತಂದು ನಮ್ಮ ಹೈಸ್ಕೂಲಿಗೇ ಸೇರಿಸಿದಳು. ಹುಡುಗಿ ನೆಟ್‌ಬಾಲಿಗೂ ಬಂದಳು. ಒಳ್ಳೆಯ ಹುಡುಗಿ, ಆದರೆ ಆಟ ಸುಮಾರು. ಅದೇ ತರಗತಿಯ ಚಾಮುಂಡೇಶ್ವರಿ ಎಂಬವಳದು ಬೇರೆಯೇ ಕೈ, ಕಣ್ಣುಮುಚ್ಚಿ ಎಸೆದರೂ ಬಳೆಯೊಳಗೆ ಬೀಳುತ್ತದೆ. ಹೈದರಾಬಾದಿಗೆ ಹೋಗುವ ರಾಜ್ಯದ ಶಾಲಾ ತಂಡಕ್ಕೆ ನಮ್ಮಲ್ಲಿಂದ ಒಬ್ಬಳ ಹೆಸರು ಕಳಿಸಬೇಕಿತ್ತು. ಪಟ್ಟಿಯಲ್ಲಿ ನಾನು ನೀಲಾಳ ಹೆಸರು ಬರೆದೆ. ಬರೆದ ರಾತ್ರಿ ಚೆನ್ನಾಗಿ ನಿದ್ದೆ ಬಂತು. ತಾಯಿಗೆ ಮಾಡಿದ್ದನ್ನು ಮಗಳಿಗೆ ಸರಿಮಾಡಿದೆ ಎಂದು ಎದೆ ಹಗುರವಾಗಿತ್ತು.

ಬೆಳಿಗ್ಗೆ ಆಟಕ್ಕೆ ನೀಲಾ ಬಂದಿರಲಿಲ್ಲ. ಸರಿ, ಸಿಹಿಸುದ್ದಿಯನ್ನು ನಾನೇ ಹೇಳೋಣವೆಂದು, ಪಟ್ಟಿಯನ್ನು ಚೀಲದಲ್ಲಿಟ್ಟುಕೊಂಡು ಅಗ್ರಹಾರಕ್ಕೆ ಹೋದೆ. ತಂದೆ ತೀರಿಕೊಂಡ ಮೇಲೆ ಗಿರಿಜಾ ಆ ತವರುಮನೆಯಲ್ಲೇ ಸಂಸಾರ ಹೂಡಿದ್ದಳು. ಆ ಹಸಿರು ಬಾಗಿಲನ್ನು ಆ ದಿನ ತಟ್ಟಿದೆ.

"ಇದೇನೇ ದೇವೀರಿ, ನಮ್ಮನೆ ದಾರಿ ಗೊತ್ತಿತ್ತಾ ನಿಂಗೆ?" ಎಂದಳು ಗಿರಿಜಾ. ಒಳಗೆ ಕೂರಿಸಿದಳು. ನೀಲಾ ಯಾಕೆ ಬರಲಿಲ್ಲ ಎಂದು ಕೇಳಿದೆ.

"ಮುಟ್ಟಾಗವ್ಳೆ ಕಣೆ, ನಿನ್ನೆಯಿಂದ ಹೊಟ್ಟೆನೋವು. ನಾನೇ ಬೇಡ ಅಂದೆ" ಎಂದು, ಅಡುಗೆಮನೆ ಕಡೆ ತಿರುಗಿ, "ನೀಲಾ, ಪೂಜೆ ಆಯ್ತಾ? ಮಿಸ್‌ಗೆ ಕಾಫಿ ತಾ" ಎಂದಳು.

ನೀಲಾ ಹಣೆಗೆ ವಿಭೂತಿ ಹಚ್ಚಿಕೊಂಡು, ಕೊರಳಲ್ಲಿ ಲಿಂಗದ ಕರಡಿಗೆ ತೂಗಾಡಿಸುತ್ತ, ಅಡುಗೆಮನೆಯಿಂದಲೇ ಕಾಫಿ ತಂದು ನನ್ನ ಕೈಗೆ ಕೊಟ್ಟಳು. ಲೋಟ ಹಿಡಿದುಕೊಂಡು ನಾನು ಬಾಯಿಬಿಟ್ಟು ಕೂತೆ.

"ನಿಮ್ಮಲ್ಲಿ... ಮೂರು ದಿನ ಹೊರಗೆ ಕೂರೋದಿಲ್ವಾ?"

"ನಮ್ಮಲ್ಲೆಲ್ಲೀದು? ಲಿಂಗ ಕಟ್ಟಿದ ಮೈಗೆ ಸೂತಕ ಇಲ್ಲ ಕಣೆ. ನಮ್ಮಜ್ಜಿ ಕಾಲದಿಂದ್ಲೂ ಈ ಮನೇಲಿ ಯಾರೂ ಹೊರಗೆ ಕೂತಿಲ್ಲ." ಇಷ್ಟು ಹೇಳಿ ಗಿರಿಜಾ ನನ್ನ ಮುಖವನ್ನೇ ನೋಡಿದಳು. ಮಗಳನ್ನು ಮಲಗಿಕೋ ಹೋಗೆಂದು ಒಳಗೆ ಕಳಿಸಿದಳು.

ನಾನು ಮಿಸ್‌ಗೆ ಹೇಳಿದ್ದ ಸುಳ್ಳು ಅವಳ ಕಿವಿಗೂ ಬಿದ್ದಿತ್ತೆಂದು ಆ ನೋಟದಲ್ಲೇ ತಿಳಿಯಿತು. ಲೋಟವನ್ನು ಕೆಳಗಿಟ್ಟೆ.

"ಹಂಗಾದ್ರೆ ನಿಂಗೆ ಗೊತ್ತಿತ್ತು" ಎಂದೆ.

"ಸೋಮವಾರ ಬೆಳಿಗ್ಗೇನೆ ಗೊತ್ತಾಯ್ತು. ಮಿಸ್ ಕರೆದು, ಪಾಪ, ಅವತ್ತೇ ಹೊರಗಾಗ್ಬೇಕಿತ್ತಾ ನೀನು, ಅಂದ್ರು. ನಾನು ಹೂಂ ಮಿಸ್ ಅಂದ್ಬುಟ್ಟೆ."

"ಯಾಕೆ ಅಂದೆ? ಸುಳ್ಳು ಅಂತ ಹೇಳ್ಬೇಕಿತ್ತು!" ನಾನು ಕೂಗಿಯೇಬಿಟ್ಟೆ. ತಪ್ಪು ನನ್ನದು, ಸಿಟ್ಟು ಅವಳ ಮೇಲೆ. ನನ್ನ ಸ್ವಭಾವವೇ ಅಷ್ಟು.

"ಹೇಳಿದ್ರೆ ನಿನ್ನನ್ನೂ ತೆಗೆದುಬುಡ್ತಿದ್ರು. ಮದ್ರಾಸಿನೋರು ಆಗ್ಲೇ ರೈಲು ಹತ್ತಿದ್ರು, ನನ್ನ ಆಟ ಇನ್ಯಾರು ನೋಡೋರು? ಇಬ್ರೂ ಮನೇಲಿ ಕೂರೋ ಬದ್ಲು ಒಬ್ಳಾದ್ರೂ ಹೋಗ್ಲಿ ಅನ್ನಿಸ್ತು. ದೊಡ್ಡ ಮನಸ್ಸು ಅಂತ ಮಾತ್ರ ತಿಳ್ಕೋಬೇಡ. ಆಮೇಲೆ ಎಷ್ಟು ಸಲ ನಿನ್ನ ಕಾಲು ಮುರೀಲಿ ಅಂತ ಶಾಪ ಹಾಕಿದೀನೋ!"

"ಮುರೀತಲ್ಲ" ಎಂದೆ. ಅವಳಿಗೆ ನಗು ಬಂತು. ನನಗೆ ಅಳು ಬಂತು. ಶನಿವಾರ ಬೀದಿ ತಿರುವಿನವರೆಗೆ ಬಂದು ಹಿಂದಿರುಗಿದ್ದನ್ನು, ಹೂ ಕೊಂಡಿದ್ದನ್ನು, ಅವಳನ್ನು ಪೆದ್ದಿ ಎಂದುಕೊಂಡಿದ್ದನ್ನು, ಒಂದೂ ಬಿಡದೆ ಹೇಳಿದೆ. ಅವಳು ಸಮಾಧಾನ ಮಾಡಲಿಲ್ಲ, ಪೂರ್ತಿ ಕೇಳಿಸಿಕೊಂಡಳು. ಕೊನೆಗೆ ಚೀಲದಿಂದ ಪಟ್ಟಿ ತೆಗೆದು ಕೊಟ್ಟೆ.

"ನೀಲಾಳ ಹೆಸರು ಬರ್ದಿದೀನಿ ಕಣೆ."

ಗಿರಿಜಾ ಪಟ್ಟಿಯನ್ನು ಓದಿದಳು. ಅವಳ ಮುಖ ಬಿಗಿಯಾಯಿತು.

"ಆ ಚಾಮುಂಡೇಶ್ವರಿ ಆಡೋದನ್ನ ಸ್ಕೂಲ್ ಗೇಟಲ್ಲಿ ನಿಂತು ನೋಡಿದೀನಿ. ನಂಗೆ ಆಟ ಮರ್ತೋಗಿದೆ ಅಂದ್ಕೊಂಡ್ಯಾ? ನಿನ್ನ ಮನಸ್ಸಿನ ನೆಮ್ಮದಿಗೆ ಆ ಮಗು ಯಾಕೆ ಮನೇಲಿ ಕೂರ್ಬೇಕು? ಹೊಡೆದಾಕು ಇದನ್ನ."

ನಾನು ಕೂತಲ್ಲಿಯೇ ಕುಗ್ಗಿಹೋದೆ. ಮಾಡಿದ್ದ ತಪ್ಪನ್ನೇ ಎರಡನೇ ಸಲ ಮಾಡಿ, ಅದಕ್ಕೆ ಒಳ್ಳೆಯತನ ಎಂದು ಹೆಸರಿಟ್ಟುಕೊಂಡು, ಸುಖವಾಗಿ ನಿದ್ದೆ ಬೇರೆ ಮಾಡಿದ್ದೆ. ಪೆನ್ನು ತೆಗೆದು, ಅವಳ ಕಣ್ಣೆದುರಿಗೇ ನೀಲಾಳ ಹೆಸರು ಹೊಡೆದು ಚಾಮುಂಡೇಶ್ವರಿ ಎಂದು ಬರೆದೆ.

"ನನ್ನ ಮೇಲೆ ಇನ್ನೂ ಕೋಪ ಇದೆಯಾ?" ಎಂದು ಕೇಳಿದೆ.

"ಇದೆ. ಒಂದಕ್ಕೆ ಇದೆ. ಅಲ್ಲಿಂದ ಬಂದು ಊರಿಗೆಲ್ಲ ಭಾಷಣ ಮಾಡ್ದೆ. ಟೌನ್‌ಹಾಲಲ್ಲಿ ಹಾರ ಹಾಕಿಸ್ಕೊಂಡೆ. ನನ್ನ ಹತ್ರ ಮಾತ್ರ ಒಂದು ಮಾತು ಆಡ್ಲಿಲ್ಲ. ನಾನಂತೂ ಹೋಗ್ಲಿಲ್ಲ. ಕೇಳೋಕೂ ಬೇಡ್ವೇನೆ ನಂಗೆ?"

ಅವಳು ಸ್ವಲ್ಪ ಹತ್ತಿರ ಸರಿದು ಕೂತಳು. ಮೂವತ್ತನಾಲ್ಕರ ಆ ಹೆಂಗಸು ಹದಿನೆಂಟರ ಹುಡುಗಿಯ ಹಾಗೆ ದನಿ ತಗ್ಗಿಸಿ ಕೇಳಿದಳು.

"ಅಲ್ಲೀ ಕಂಬ ನಮ್ಮ ಕಂಬದಷ್ಟೇ ಎತ್ತರ ಇತ್ತಾ?"

"ಅಷ್ಟೇ ಇತ್ತು ಕಣೆ."

"ಹಂಗಾದ್ರೆ ನಂಗೂ ಆಗ್ತಿತ್ತು" ಎಂದಳು ಗಿರಿಜಾ.