ಬೆರಿಲ್ ಹೆಸರೆತ್ತಿದ ಕುದುರೆ

ಬೆರಿಲ್ ಬಾಯಿ ತೆರೆದು ಒಂದು ಕುದುರೆಯ ಹೆಸರು ಹೇಳಿದಳೆಂದರೆ ಸಾಕು, ಕೊರಂಡಾ ಊರಿನ ಪಬ್‌ನಲ್ಲಿ ಕೂತವರೆಲ್ಲ ಕೈಗೆ ಸಿಕ್ಕ ಮರವನ್ನು ಟಕ್ ಟಕ್ ಎಂದು ಕುಟ್ಟುತ್ತಿದ್ದರು. ಮೇಜೋ, ಕುರ್ಚಿಯ ಕಾಲೋ, ಬಾಗಿಲ ಚೌಕಟ್ಟೋ, ಮರವಾಗಿದ್ದರಾಯಿತು. ಮರ ಮುಟ್ಟಿದರೆ ಅವಳ ಮಾತು ತಾಗುವುದಿಲ್ಲ ಎಂಬ ನಂಬಿಕೆ. ಊರು ಅವಳಿಗೆ ಕರಿನಾಲಿಗೆ ಎಂದು ಹೆಸರಿಟ್ಟು ಎಷ್ಟೋ ವಸಂತಗಳು ಕಳೆದಿದ್ದವು.

ಅಲ್ಲ, ಪಾಪ, ಅವಳಾದರೂ ಏನು ಮಾಡಬೇಕು? ರೇಸಿನ ದಿನ ಬೆಳಿಗ್ಗೆ ಊರಿನ ಪುಟ್ಟ ರೇಡಿಯೋ ಕೇಂದ್ರದಲ್ಲಿ ಕೂತು ಯಾವ ಕುದುರೆ ಗೆಲ್ಲಬಹುದೆಂದು ಹೇಳುವುದು ಅವಳ ಕೆಲಸ. ಮೆಲ್ಬರ್ನಿನ ಪಂಡಿತರು ಪೇಪರಿನಲ್ಲಿ ಬರೆದದ್ದನ್ನು ಗಿಳಿಪಾಠ ಒಪ್ಪಿಸುವ ಪೈಕಿಯಲ್ಲ ಅವಳು. ಯಾವ ಕುದುರೆ ಹಿಂದಿನ ಓಟದಲ್ಲಿ ಎಲ್ಲಿ ದಣಿಯಿತು, ಯಾವುದು ಕಾಲಲ್ಲಿ ಕಸುವಿದ್ದರೂ ದಾರಿ ಸಿಗದೆ ಹಿಂದೆ ಬಿತ್ತು, ಯಾವುದರ ಬೆನ್ನಿಗೆ ಈ ಸಲ ಎಷ್ಟು ಭಾರ ಹೊರಿಸಿದ್ದಾರೆ, ಎಲ್ಲವನ್ನೂ ತಲೆಯಲ್ಲೇ ಕಡೆದು ಬೆಣ್ಣೆ ತೆಗೆದು ಹೇಳುವವಳು. ವರ್ಷವಿಡೀ ಅವಳ ಲೆಕ್ಕ ಚೆನ್ನಾಗಿಯೇ ನಡೆಯುತ್ತಿತ್ತು. ವಸಂತದ ದೊಡ್ಡ ರೇಸುಗಳು ಬಂದಾಗ ಮಾತ್ರ ಏನಾದರೊಂದು ಎಡವಟ್ಟು. ಒಂದು ವರ್ಷ ಅವಳು ಹೇಳಿದ ಕುದುರೆ ಗೇಟು ತೆರೆದ ಕೂಡಲೇ ಮುಗ್ಗರಿಸಿತು. ಇನ್ನೊಂದು ವರ್ಷ ನಡುದಾರಿಯಲ್ಲಿ ಜೀನು ಜಾರಿತು. ಮತ್ತೊಂದು ವರ್ಷದ ಕುದುರೆಯಂತೂ, ಅವಳು ಹೆಸರು ಹೇಳಿ ಮನೆಗೆ ಬಂದು ಟೀ ಕುಡಿಯುವಷ್ಟರಲ್ಲಿ, ಕಾಲು ಊದಿಸಿಕೊಂಡು ರೇಸಿನಿಂದಲೇ ಹೊರಬಿತ್ತು.

ರೇಡಿಯೋ ನಡೆಸುವ ಟ್ರೆವರ್ ಎಂಬ ಪುಣ್ಯಾತ್ಮ ಇದನ್ನೇ ಬಂಡವಾಳ ಮಾಡಿಕೊಂಡ. ಅವಳು ಕುದುರೆಯ ಹೆಸರು ಹೇಳಿದ ಮರುಗಳಿಗೆ ಮೈಕಿನ ಮುಂದೆ ಮೇಜು ಕುಟ್ಟುತ್ತಿದ್ದ. ಊರು ಬಿದ್ದು ಬಿದ್ದು ನಗುತ್ತಿತ್ತು. ಬೆರಿಲ್ ಕೂಡ ನಗುತ್ತಿದ್ದಳು. ಮನೆಗೆ ಬಂದ ಮೇಲೆ ಪಾತ್ರೆಗಳನ್ನು ಸ್ವಲ್ಪ ಜೋರಾಗಿ ತೊಳೆಯುತ್ತಿದ್ದಳು, ಅಷ್ಟೇ.

ಇದರ ಜೊತೆಗೆ ಇನ್ನೊಂದು ಫಜೀತಿಯೂ ಇತ್ತು. ಅವಳ ಗಂಡ ನೆವ್ ಕುದುರೆ ಪಳಗಿಸುವವನು. ಮನೆಯ ಹಿಂದಿನ ಲಾಯದಲ್ಲಿ ಬೆರಳೆಣಿಕೆಯ ಕುದುರೆಗಳು. ಸುತ್ತಲಿನ ಸಣ್ಣ ಊರುಗಳ ರೇಸಿನಲ್ಲಿ ಓಡಿ ಹೇಗೋ ಮೇವಿನ ಖರ್ಚು ಗಳಿಸುವಂಥವು. ಗಂಡ ಹೆಂಡತಿ ಮದುವೆಯಾದ ಹೊಸದರಲ್ಲೇ ಒಂದು ಒಪ್ಪಂದ ಮಾಡಿಕೊಂಡಿದ್ದರು. ನೆವ್‌ನ ಕುದುರೆಗಳ ಹೆಸರನ್ನು ಬೆರಿಲ್ ರೇಡಿಯೋದಲ್ಲಿ ಎತ್ತಬಾರದು. ಬರುಬರುತ್ತಾ ಆ ಒಪ್ಪಂದ ಅಡುಗೆಮನೆಗೂ ಹಬ್ಬಿ, ಮನೆಯೊಳಗೂ ಅವಳು ‘ಅದು’, ‘ಇದು’, ‘ಅವಳು’ ಎನ್ನಬೇಕಾಯಿತು.

ಆ ವಸಂತದಲ್ಲಿ ‘ಅವಳು’ ಎಂದರೆ ಪ್ಲಮ್ ಡಫ್. ಕ್ರಿಸ್‌ಮಸ್ ಕಡುಬಿನ ಹೆಸರಿಟ್ಟುಕೊಂಡ ಕಂದು ಬಣ್ಣದ ಹೆಣ್ಣು ಕುದುರೆ. ನೋಡಲು ಹಾಲಿನ ಗಾಡಿಗೆ ಕಟ್ಟುವ ಕುದುರೆಯಂತೆ ದಪ್ಪ, ನಿಧಾನ. ಆದರೆ ಓಡುತ್ತಾ ಓಡುತ್ತಾ ಉಳಿದವು ದಣಿದಾಗ ಇವಳಿಗೆ ಹುರುಪು ಹತ್ತುತ್ತಿತ್ತು. ಗೆಲ್ಲುತ್ತಾಳೆಂದು ಯಾರೂ ಎಣಿಸದ ಒಂದು ರೇಸು ಗೆದ್ದು, ದೇಶಕ್ಕೆ ದೇಶವೇ ಕಾದು ನೋಡುವ ಮೆಲ್ಬರ್ನ್ ಕಪ್‌ನಲ್ಲೇ ಓಡುವ ಅವಕಾಶ ಗಿಟ್ಟಿಸಿಬಿಟ್ಟಳು! ಕೊರಂಡಾದಿಂದ ಹಿಂದೆಂದೂ ಒಂದು ಕುದುರೆ ಅಲ್ಲಿಗೆ ಹೋದದ್ದಿಲ್ಲ. ಕಟುಕನಿಂದ ಹಿಡಿದು ಪಾದ್ರಿಯವರೆಗೆ ಊರಿಗೆ ಊರೇ ಅವಳ ಮೇಲೆ ಬಾಜಿ ಕಟ್ಟಿತು.

ಕುದುರೆಯನ್ನು ಮೆಲ್ಬರ್ನಿಗೆ ಸಾಗಿಸುವ ದಿನ ನೆವ್ ಟೋಪಿ ಕೈಯಲ್ಲಿ ಹಿಡಿದು ಅಡುಗೆಮನೆಯ ಬಾಗಿಲಲ್ಲಿ ನಿಂತ.

“ಬೆರಿಲ್, ನಿನ್ನ ದಮ್ಮಯ್ಯ ಅಂತೀನಿ. ಮಂಗಳವಾರ, ಕಪ್ ದಿನ, ರೇಡಿಯೋದಲ್ಲಿ...”

“ಗೊತ್ತು ಮಾರಾಯ. ಹೆಸರು ಹೇಳಲ್ಲ.”

“ಎರಡನೇದಾಗಿ ಬರ್ತಾಳೆ, ಮೂರನೇದಾಗಿ ಬರ್ತಾಳೆ ಅಂತಾನೂ ಹೇಳಬೇಡ.”

“ಇಲ್ಲ ಅಂದೆನಲ್ಲ! ಹೋಗು, ಸ್ಯಾಂಡ್‌ವಿಚ್ ಮರೆತು ಹೋಗಬೇಡ.”

ಅವನು ಹೋದ. ಶನಿವಾರ ಸಂಜೆ ಯಾವ ಕುದುರೆ ಯಾವ ಗೇಟಿನಿಂದ ಹೊರಡಬೇಕೆಂದು ಚೀಟಿ ಎತ್ತಿದರು. ಓಟದ ಸುತ್ತುದಾರಿಯ ಒಳಬೇಲಿಗೆ ಹತ್ತಿರದ ಗೇಟು ಸಿಕ್ಕವರು ಅದೃಷ್ಟವಂತರು. ಹೊರಗಿನವರು ಅಷ್ಟು ಹೆಚ್ಚು ದೂರ ಸುತ್ತಿ ಓಡಬೇಕು. ಎಲ್ಲರೂ ಗೆಲ್ಲುತ್ತದೆ ಎನ್ನುತ್ತಿದ್ದ ಲಾರ್ಡ್ ಆಂಬ್ರೋಸ್ ಎಂಬ ಕುದುರೆಗೆ ಬೇಲಿಯ ಪಕ್ಕದ ಗೇಟು ಬಂತು. ಪ್ಲಮ್ ಡಫ್‌ಗೆ ಇಪ್ಪತ್ತನಾಲ್ಕರಲ್ಲಿ ಕಟ್ಟಕಡೆಯದು. ಊರು ತಲೆಯ ಮೇಲೆ ಕೈ ಹೊತ್ತು ಕೂತಿತು. ಸಾಲದ್ದಕ್ಕೆ ಭಾನುವಾರ ಊರಿನಲ್ಲೂ ಮೆಲ್ಬರ್ನಿನಲ್ಲೂ ಮಳೆ ಹಿಡಿದುಕೊಂಡಿತು.

ಸೋಮವಾರ ಮಧ್ಯಾಹ್ನ ಬೆರಿಲ್ ಹಿತ್ತಲಿನ ಬಾಗಿಲಲ್ಲಿ ನಿಂತು ಸುಮ್ಮನೆ ಮಳೆ ನೋಡುತ್ತಿದ್ದಳು. ಪಕ್ಕದ ಹೊಲದ ಹಸುಗಳು ಹಾಲು ಕರೆಯುವ ಕೊಟ್ಟಿಗೆಗೆ ಹೊರಟಿದ್ದವು. ಎಲ್ಲವೂ ದಿನವೂ ತುಳಿಯುವ ಬೇಲಿಯಂಚಿನ ದಾರಿಯಲ್ಲೇ ನುಗ್ಗಿ, ಮೊಣಕಾಲುದ್ದದ ಕೆಸರಿನಲ್ಲಿ ಕಾಲು ಕಿತ್ತು ಕಿತ್ತು ಇಡುತ್ತಿದ್ದವು. ಒಂದು ಮುದಿ ಹಸು ಮಾತ್ರ ಅವುಗಳ ಗೊಡವೆಗೇ ಹೋಗದೆ, ದೂರದ ಹಸಿರು ಹುಲ್ಲಿನ ಮೇಲೆ ಸುತ್ತುಹಾಕಿ, ಎಲ್ಲಕ್ಕಿಂತ ಮೊದಲು ಕೊಟ್ಟಿಗೆಯ ಬಾಗಿಲಲ್ಲಿ ಬಂದು ನಿಂತಿತು.

ಬೆರಿಲ್ ಕೈಯಲ್ಲಿದ್ದ ಟವೆಲು ಕೆಳಗೆ ಬಿತ್ತು. ಕಪ್ ರೇಸಿಗೆ ಮುಂಚೆ ಅದೇ ನೆಲದಲ್ಲಿ ಬೇರೆ ರೇಸುಗಳು ನಡೆಯುತ್ತವೆ. ಎಲ್ಲ ಜಾಕಿಗಳೂ ದೂರ ಉಳಿಸಲು ಒಳಬೇಲಿಗೇ ಅಂಟಿಕೊಂಡು ಓಡಿಸುತ್ತಾರೆ. ಈ ಮಳೆಯಲ್ಲಿ ಕಪ್ ಹೊತ್ತಿಗೆ ಬೇಲಿಯ ಪಕ್ಕದ ನೆಲ ಉತ್ತ ಗದ್ದೆಯಾಗಿರುತ್ತದೆ. ಗಟ್ಟಿ ಹುಲ್ಲು ಉಳಿಯುವುದು ಹೊರಗೆ, ಯಾರಿಗೂ ಬೇಡವಾದ ಕಡೆ. ಅಲ್ಲಿ ನಿಂತಿರುವವಳು ಯಾರು?

“ಅಯ್ಯೋ ನನ್ನ ಚಿನ್ನವೇ!” ಎಂದು ಅವಳು ಮುದಿ ಹಸುವಿಗೆ ಕೇಳುವಂತೆ ಕೂಗಿಕೊಂಡಳು.

ಸಂಜೆ ಫೋನಿನಲ್ಲಿ ನೆವ್‌ನ ದನಿ ಸತ್ತುಹೋದಂತಿತ್ತು. “ಎಲ್ಲ ಮುಗೀತು ಕಣೇ. ಕಡೇ ಗೇಟು, ಮೇಲೆ ಈ ಹಾಳು ಮಳೆ.”

“ಬಾಯಿ ಮುಚ್ಚಿ ಕೇಳು. ನಿನ್ನ ಜಾಕಿಗೆ ಹೇಳು, ಏನೇ ಆದ್ರೂ ಬೇಲಿ ಕಡೆ ತಲೆ ಹಾಕಬಾರದು. ಹೊರಗೇ ಇರ್ಲಿ. ಕೊನೇ ತಿರುವು ದಾಟಿದ ಮೇಲಂತೂ ಇನ್ನೂ ಹೊರಗೆ ಹೋಗ್ಲಿ.”

“ಹುಚ್ಚಾ ನಿನಗೆ? ನೋಡಿದವರು ನಗ್ತಾರೆ.”

“ನಗಿಸ್ಕೊಂಡು ನಮಗೇನು ಹೊಸದಾ?” ಎಂದು ಬೆರಿಲ್ ಹಸುವಿನ ಕಥೆಯನ್ನೆಲ್ಲ ಹೇಳಿದಳು.

“ನಾಳೆ ರೇಡಿಯೋದಲ್ಲಿ ಯಾರ ಹೆಸರು ಹೇಳ್ತೀಯ?” ಎಂದು ನೆವ್ ಕೇಳಿದ.

“ಲಾರ್ಡ್ ಆಂಬ್ರೋಸ್.”

“ಅದು ಗೆಲ್ಲುತ್ತಾ?”

“ಎಲ್ಲಿ ಗೆಲ್ಲುತ್ತೆ? ಬೇಲಿ ಪಕ್ಕ ಹೂತು ಹೋಗುತ್ತೆ.”

“ಮತ್ತೆ?”

“ನಿನಗೆ ಮಾತು ಕೊಟ್ಟಿದೀನಲ್ಲಪ್ಪ.”

“ಬೆರಿಲ್, ಯಾರು ಗೆಲ್ತಾರೆ ಹೇಳು.”

“ಅವಳೇ ಕಣೋ. ನಮ್ಮವಳೇ.”

“ಇಷ್ಟು ವರ್ಷ ಕುದುರೆ ಸಾಕಿದೆ. ನಿನ್ನ ಕುದುರೆ ಗೆಲ್ಲುತ್ತೆ ನೆವ್ ಅಂತ ಒಬ್ಬನಾದ್ರೂ ಹೇಳಿದ್ದು ಕೇಳಿಲ್ಲ. ಪೇಪರಿನವರಿಗೆ ನನ್ನ ಹೆಸರೇ ಸರಿಯಾಗಿ ಬರೆಯೋಕೆ ಬರಲ್ಲ. ಹೇಳೋಳು ಒಬ್ಬಳಿದ್ಲು ಮನೇಲಿ, ಅವಳ ಬಾಯಿ ನಾನೇ ಹೊಲಿದು ಕೂತೆ. ಹೇಳೇ. ಹೆಸರಿಟ್ಟು ಹೇಳು.”

“ಊರೆಲ್ಲ ಬಾಜಿ ಕಟ್ಟಿದೆ. ಸೋತ್ರೆ ನನ್ನ ಚರ್ಮ ಸುಲೀತಾರೆ.”

“ಸುಲೀಲಿ ಬಿಡು. ಇಬ್ಬರೂ ಒಟ್ಟಿಗೆ ಸುಲಿಸ್ಕೊಳ್ಳೋಣ.”

ಫೋನಿಟ್ಟ ಮೇಲೆ ಬೆರಿಲ್ ತೊಳೆದಿಟ್ಟ ಪಾತ್ರೆಗಳನ್ನೇ ಮತ್ತೊಮ್ಮೆ ತೊಳೆದಳು. ನಿಜ ಹೇಳಬೇಕೆಂದರೆ ಅವಳಿಗೂ ಹೆದರಿಕೆಯಿತ್ತು. ಮುಗ್ಗರಿಸಿದ ಕುದುರೆ, ಜಾರಿದ ಜೀನು, ಊದಿದ ಕಾಲು, ಎಲ್ಲವೂ ತನ್ನ ನಾಲಿಗೆಯ ಪಾಪವೇ ಇರಬಹುದೇನೋ ಎಂಬ ಸಂಶಯ ಅವಳ ಮನಸ್ಸಿನ ಒಂದು ಮೂಲೆಯಲ್ಲಿ ಸದಾ ಕೂತಿತ್ತು. ಗಂಡನ ಬದುಕಿಗೆ ಒಮ್ಮೆ ಬಂದ ಭಾಗ್ಯ ಇದು. ತಾನು ಬಾಯಿ ತೆರೆದು ಅದು ಮಣ್ಣುಪಾಲಾದರೆ ಇನ್ನು ಯಾವ ಮುಖ ಇಟ್ಟುಕೊಂಡು ರೇಡಿಯೋಗೆ ಹೋಗುವುದು?

ಮಂಗಳವಾರ ಬೆಳಿಗ್ಗೆ ಟ್ರೆವರ್ ಮೈಕಿನ ಮುಂದೆ ಹಲ್ಲು ಕಿರಿಯುತ್ತಾ ಕೂತಿದ್ದ. “ಶ್ರೋತೃಗಳೇ, ಹೆದರಬೇಡಿ! ಬೆರಿಲ್ ಮೇಡಂ ನಮ್ಮೂರ ಕುದುರೆಯ ಸುದ್ದಿಗೆ ಹೋಗೋದಿಲ್ಲ. ಹೇಳಿ ಮೇಡಂ, ಈ ವರ್ಷ ಯಾವ ಬಡಪಾಯಿ?”

ಬೆರಿಲ್ ಮೊದಲು ಮಳೆಯ ವಿಷಯ ಹೇಳಿದಳು. ಆಮೇಲೆ ಕೆಸರು, ಬೇಲಿ, ಹೊರಗಿನ ಹುಲ್ಲು. ಟ್ರೆವರ್ ಕುಟ್ಟಲು ಬೆರಳು ಮಡಿಸಿಕೊಂಡು ಸಿದ್ಧನಾಗಿದ್ದ.

“ಗೆಲ್ಲೋದು ಪ್ಲಮ್ ಡಫ್,” ಎಂದಳು.

ಬೆರಳು ಗಾಳಿಯಲ್ಲೇ ನಿಂತಿತು. “ತ... ತಮಾಷೆ ತಾನೇ?” ಎಂದು ಟ್ರೆವರ್ ತೊದಲಿದ.

“ತಮಾಷೆ ಮಾಡೋದು ನಿನ್ನ ಕೆಲಸ ಟ್ರೆವರ್. ಕುದುರೆ ಹೇಳೋದು ನನ್ನ ಕೆಲಸ. ಪ್ಲಮ್ ಡಫ್.”

ಟ್ರೆವರ್ ಎರಡೂ ಕೈಯಿಂದ ಮೇಜು ಬಡಿದ ಬಡಿತಕ್ಕೆ ಮೈಕು ಉರುಳಿತು.

ಮಧ್ಯಾಹ್ನ ಅವಳು ಹೂವಿನ ಟೋಪಿ ಹಾಕಿಕೊಂಡು ಪಬ್‌ಗೆ ಬಂದಾಗ ಮದುವೆ ಮನೆಗೆ ಸಾವಿನ ಸುದ್ದಿ ಬಂದಂತಾಯಿತು. ಎಲ್ಲರೂ ಹೊಸ ಬಟ್ಟೆ ತೊಟ್ಟಿದ್ದರು, ತಟ್ಟೆ ತುಂಬ ಕೋಳಿಯ ಸ್ಯಾಂಡ್‌ವಿಚ್ಚಿತ್ತು, ತಿನ್ನುವವರಿಲ್ಲ.

“ಗಂಡನ ಮೇಲೆ ಏನು ಸೇಡೇ ತಾಯಿ ನಿನಗೆ?” ಎಂದು ಕಟುಕ ಡಗ್ ಎದ್ದು ಬಂದ. “ಇನ್ನೂ ಇಪ್ಪತ್ಮೂರು ಕುದುರೆ ಇದ್ವಲ್ಲ! ಯಾವುದನ್ನಾದ್ರೂ ನುಂಗಿ ನೀರು ಕುಡೀಬಾರದಿತ್ತಾ?”

“ಕೂತ್ಕೋ ಡಗ್. ರೇಸು ಇನ್ನೂ ಓಡಿಲ್ಲ.”

“ನೀನು ಬಾಯಿ ಬಿಟ್ಟ ಮೇಲೆ ಓಡೋದೇನಿದೆ?”

ಪಬ್‌ನ ಒಡತಿ ಐವಿ, ಎಂಬತ್ತರ ಮುದುಕಿ, ಕೌಂಟರಿನ ಹಿಂದಿನಿಂದ ಗದರಿದಳು. “ಅವಳನ್ನ ಬಿಡ್ರೋ! ಗಂಡನ ಕುದುರೇನ ಹೆಂಡತಿ ಹೊಗಳದೆ ಪಕ್ಕದ ಮನೆಯವಳು ಹೊಗಳ್ತಾಳಾ?” ಇಷ್ಟು ಹೇಳಿ, ಯಾರಿಗೂ ಕಾಣದಂತೆ ತಾನೂ ಕೌಂಟರಿನ ಮರ ಮುಟ್ಟಿಕೊಂಡಳು. ಬೆರಿಲ್‌ಗೆ ಕಂಡಿತು.

ಟೀವಿಯಲ್ಲಿ ಗೇಟುಗಳು ತೆರೆದವು. ಪಬ್‌ನಲ್ಲಿದ್ದ ಅಷ್ಟೂ ಜನ ಮರ ಹಿಡಿದುಕೊಂಡರು. ಬೆರಿಲ್ ಮಾತ್ರ ಹಿಡಿಯಲಿಲ್ಲ. ಎರಡೂ ಕೈಗಳನ್ನು ಹಠದಿಂದ ಕೋಟಿನ ಜೇಬಿನಲ್ಲಿ ತುರುಕಿಕೊಂಡು ನಿಂತಳು.

ಇಪ್ಪತ್ಮೂರು ಕುದುರೆಗಳು ಬೇಲಿಯ ಕಡೆಗೆ ನುಗ್ಗಿದವು. ಒಂದು ಕಂದು ಕುದುರೆ ಮಾತ್ರ ಬೇರೆ ಊರಿಗೆ ಹೊರಟಂತೆ ತನ್ನ ಪಾಡಿಗೆ ಹೊರಗೆ ಓಡುತ್ತಿತ್ತು. “ಜಾಕಿಗೆ ಕಣ್ಣು ಕಾಣಲ್ವೇನ್ರೋ?” ಎಂದು ಯಾರೋ ಅತ್ತೇಬಿಟ್ಟರು. ಮೊದಲ ತಿರುವಿನಲ್ಲಿ ಅವಳು ಹಿಂದಿನವರಲ್ಲಿ ಒಬ್ಬಳು. ಆಚೆ ಬದಿಯ ನೇರ ದಾರಿಯಲ್ಲೂ ಹಿಂದೆಯೇ. ಡಗ್ ಕಣ್ಣು ಮುಚ್ಚಿಕೊಂಡ.

ಕೊನೆಯ ತಿರುವು ಬಂತು. ಲಾರ್ಡ್ ಆಂಬ್ರೋಸ್ ಮುಂದೆ, ಬೇಲಿಯ ಪಕ್ಕ. ಕಾಲಿಟ್ಟ ಕಡೆ ಕೆಸರು ಹಾರಿತು. ಒಂದು ಹೆಜ್ಜೆ, ಇನ್ನೊಂದು ಹೆಜ್ಜೆ, ಅಷ್ಟರಲ್ಲೇ ಅದರ ತಲೆ ಮೇಲೆ ಕೆಳಗೆ ಆಡತೊಡಗಿತು. ಹಿಂದಿನವು ಹೊರಗೆ ಬರಲು ಒಂದಕ್ಕೊಂದು ಅಡ್ಡ ಬಿದ್ದವು. ಆಗ ಟೀವಿಯ ಅಂಚಿನಲ್ಲಿ, ಯಾರೂ ಇಲ್ಲದ ಹಸಿರಿನ ಮೇಲೆ, ಹಾಲಿನ ಗಾಡಿಯ ಕುದುರೆ ಒಬ್ಬಂಟಿಯಾಗಿ ಬರುತ್ತಿತ್ತು.

“ಡಗ್, ಕಣ್ಣು ಬಿಡೋ!” ಎಂದು ಐವಿ ಕಿರುಚಿದಳು.

ಬಂದಳು. ಒಬ್ಬೊಬ್ಬರನ್ನೇ ಹಿಂದೆ ಹಾಕುತ್ತಾ, ಕಿವಿ ನಿಮಿರಿಸಿಕೊಂಡು, ದಣಿವೆಂದರೇನೆಂದು ಗೊತ್ತೇ ಇಲ್ಲದವಳ ಹಾಗೆ ಬಂದಳು! ಪಬ್‌ಗೆ ಪಬ್ಬೇ ಎದ್ದು ನಿಂತಿತು. ಲಾರ್ಡ್ ಆಂಬ್ರೋಸ್‌ನ ಪಕ್ಕಕ್ಕೆ ಬಂದಳು, ದಾಟಿದಳು, ದಾಟಿ ಇನ್ನೂ ದೂರ ಹೋದಳು. ಗೆಲುವಿನ ಕಂಬ ಕಳೆದಾಗ ಅವಳ ಹತ್ತಿರ ಒಂದು ನರಪಿಳ್ಳೆಯೂ ಇರಲಿಲ್ಲ.

ಆಮೇಲಿನ ಗದ್ದಲದಲ್ಲಿ ಯಾರು ಯಾರನ್ನು ಅಪ್ಪಿಕೊಂಡರೋ ದೇವರೇ ಬಲ್ಲ. ಪಾದ್ರಿಯ ಟೋಪಿ ಸ್ಯಾಂಡ್‌ವಿಚ್ಚಿನ ತಟ್ಟೆಯಲ್ಲಿತ್ತು. ಬೆರಿಲ್ ನಿಂತಲ್ಲೇ ನಿಂತು ಗಳಗಳನೆ ಅತ್ತಳು, ಕೈ ಮಾತ್ರ ಇನ್ನೂ ಜೇಬಿನಲ್ಲೇ ಇತ್ತು.

“ಶ್! ನೆವ್! ನೆವ್ ಬಂದ!” ಎಂದು ಯಾರೋ ಕೂಗಿದರು. ಟೀವಿಯಲ್ಲಿ ಮಳೆಗೆ ತೊಯ್ದು ತೊಪ್ಪೆಯಾದ ನೆವ್‌ನ ಮೂಗಿಗೆ ಮೈಕು ಹಿಡಿದಿದ್ದರು. ಇಂಥ ಗೆಲುವನ್ನು ಯಾರಾದರೂ ಊಹಿಸಿದ್ದರೇ ಎಂದು ಮೈಕು ಹಿಡಿದವನು ಕೇಳಿದ.

“ಊಹಿಸೋದೇನು?” ಎಂದ ನೆವ್. “ನನ್ನ ಹೆಂಡತಿ ಬೆಳಿಗ್ಗೆ ರೇಡಿಯೋದಲ್ಲಿ ಹೆಸರಿಟ್ಟು ಹೇಳಿದ್ಲಲ್ಲ. ನಮ್ಮೂರಲ್ಲಿ ಎಲ್ಲರಿಗೂ ಗೊತ್ತಿತ್ತು.”

ಪಬ್‌ನಲ್ಲಿ ಒಂದು ಕ್ಷಣ ಎಲ್ಲರೂ ತಮ್ಮ ತಮ್ಮ ಬೂಟು ನೋಡಿಕೊಂಡರು. ಡಗ್ ಕೆಂಪು ಮುಖ ಮಾಡಿಕೊಂಡು ಬೆರಿಲ್ ಎದುರು ಬಂದು ನಿಂತ. “ಬೆರಿಲ್,” ಎಂದ, “ಆ ಹೆಸರು ಇನ್ನೊಂದ್ಸಲ ಹೇಳೇ.”

“ಬೇಡಪ್ಪ, ನಂದು ಕರಿನಾಲಿಗೆ.”

“ಹೇಳೇ ಮಾರಾಯ್ತಿ, ಬೇಡ್ಕೋತೀನಿ!”

“ಪ್ಲಮ್ ಡಫ್!” ಎಂದು ಬೆರಿಲ್ ಸೂರು ಹಾರುವಂತೆ ಕೂಗಿದಳು.

ಊರಿಗೆ ಊರೇ ಮರ ಕುಟ್ಟಿತು. ಮೇಜು, ಕುರ್ಚಿ, ಕೌಂಟರು, ಚೌಕಟ್ಟು, ಮುಷ್ಟಿ ಕಟ್ಟಿ ದಬದಬನೆ ಬಡಿದರು, ಗ್ಲಾಸುಗಳು ಕುಣಿದವು, “ನನ್ನ ಕೌಂಟರ್ ಮುರೀತೀರಾ ಕಣ್ರೋ!” ಎಂದು ಬೈಯುತ್ತಾ ಐವಿಯೂ ಬಡಿದಳು. ಯಾರಿಗೂ ಹೆದರಿಕೆಯಿರಲಿಲ್ಲ. ಬೆರಿಲ್ ಜೇಬಿನಿಂದ ಕೈ ತೆಗೆದು, ಎಲ್ಲರಿಗಿಂತ ಜೋರಾಗಿ ಬಡಿದಳು.