ಹೆಬ್ಬೆರಳಿನ ಪೆಟ್ಟಿಗೆ

ಆ ಊರಿನಲ್ಲಿ ಮನುಷ್ಯನ ಯೋಗ್ಯತೆಯನ್ನು ಅವನ ತೋರುಬೆರಳು ನೋಡಿ ಅಳೆಯುತ್ತಿದ್ದರು. ಎಲ್ಲರ ಕೈಯಲ್ಲೂ ಗಾಜಿನ ಮಹಲು ಎಂಬ ದೊಡ್ಡ ಅಂಗಡಿಯವರು ಮಾರುವ ಒಂದು ಗಾಜಿನ ಹಲಗೆ. ತೋರುಬೆರಳಿನಿಂದ ಸವರಿದರೆ ಅದರಲ್ಲಿ ಹಾಡು, ಚಿತ್ರ, ಸುದ್ದಿ, ಜಗಳ ಎಲ್ಲವೂ ಬರುತ್ತಿದ್ದವು. ಸವರಿ ಸವರಿ ಯಾರ ಬೆರಳು ಹೆಚ್ಚು ನುಣುಪಾಗಿದೆಯೋ ಅವರೇ ದೊಡ್ಡ ವಿದ್ಯಾವಂತರು. ಹೆಣ್ಣು ನೋಡಲು ಬಂದವರೂ ಮೊದಲು ಬೆರಳು ಮುಟ್ಟಿ ನೋಡುತ್ತಿದ್ದರು. ಹಲಗೆ ನೋಡುತ್ತ ನಡೆದು ಚರಂಡಿಗೆ ಬಿದ್ದವರು ಅಲ್ಲೇ ಕುಳಿತು ಸವರುತ್ತಿದ್ದರು. ಬಿದ್ದದ್ದು ಗೊತ್ತಾದರೆ ತಾನೆ ಏಳುವುದು!

ಹಾಗೆ ಬಿದ್ದವರನ್ನು ಎಳೆದು ಎಳೆದು ಸಾಕಾಗಿ, ತಿಪ್ಪಣಾಚಾರಿ ಎಂಬ ಕುಶಲಕರ್ಮಿ ಮೂರು ವರ್ಷ ಕೂತು ಅಂಗೈಯಗಲದ ಒಂದು ಪೆಟ್ಟಿಗೆ ಮಾಡಿದ. ಅದಕ್ಕೆ ಐದು ಗುಂಡಿಗಳು. ಹೆಬ್ಬೆರಳಿನಿಂದ ಒತ್ತಿದರೆ ಹಾಡು ಬರುತ್ತಿತ್ತು, ಪುಟ್ಟ ಕಿಟಕಿಯಲ್ಲಿ ಚಿತ್ರ ಓಡುತ್ತಿತ್ತು. ಜೇಬಿನಲ್ಲಿಟ್ಟುಕೊಂಡೇ ಒತ್ತಿ ಹಾಡು ಕೇಳಬಹುದು, ಕಣ್ಣು ದಾರಿಯ ಮೇಲಿರಬಹುದು. ಇದ್ದದ್ದು ಅದೊಂದೇ ಮಾದರಿ. ಊರ ಸಭೆ ಒಪ್ಪಿದರೆ ಅಂಥವನ್ನು ಮಾಡಿ ಮಾರಬಹುದಿತ್ತು. ಒಪ್ಪದಿದ್ದರೆ ಅವನು ತನ್ನ ಕಾರ್ಯಾಗಾರ ಮುಚ್ಚಿ, ಗಾಜಿನ ಮಹಲಿನಲ್ಲಿ ಗಾಜು ಒರೆಸುವ ಕೆಲಸಕ್ಕೆ ಸೇರಬೇಕಿತ್ತು.

ಸಭೆಯ ಏಳು ಜನರೂ ಪೆಟ್ಟಿಗೆಯನ್ನು ಸರದಿಯ ಮೇಲೆ ಗಂಭೀರವಾಗಿ ಸವರಿದರು. ಅದು ಮಿಸುಕಲಿಲ್ಲ.

"ಸತ್ತ ವಸ್ತು," ಎಂದರು ಸಭಾಪತಿಗಳು.

"ಸವರಬೇಡಿ ಸ್ವಾಮಿ, ಒತ್ತಿ."

ಸಭಾಪತಿಗಳು ತೋರುಬೆರಳಿನಿಂದಲೇ ಒತ್ತಿದರು. ಆ ಬೆರಳು ಎಷ್ಟು ನುಣುಪಾಗಿತ್ತೆಂದರೆ ಗುಂಡಿಯ ಮೇಲಿಂದ ಜಾರಿಹೋಯಿತು. ಆಗ ಹಿಂದೆ ಕುಳಿತಿದ್ದ ತಿಪ್ಪಣಾಚಾರಿಯ ತಾಯಿ ಕಾಳಮ್ಮ ಎದ್ದು ಬಂದು ಹೆಬ್ಬೆರಳಿನಿಂದ ಒಂದು ಸಲ ಒತ್ತಿದಳು. ಸಭಾಂಗಣದ ತುಂಬ ಹಾಡು. ಇಬ್ಬರು ಸದಸ್ಯರ ಕಾಲು ತಾಳ ಹಾಕತೊಡಗಿತು, ಸಭಾಪತಿಗಳ ಮುಖ ನೋಡಿ ನಿಂತಿತು.

"ಅದ್ಯಾವ ಬೆರಳಮ್ಮ?"

"ಹೆಬ್ಬೆಟ್ಟು ಸ್ವಾಮಿ. ನಂಗೆ ಓದು ಬರಲ್ಲ, ಕಾಗದಕ್ಕೂ ಇದನ್ನೇ ಒತ್ತೋದು."

ಸಭೆ ಗೊಳ್ಳೆಂದು ನಕ್ಕಿತು. "ಕೇಳಿದಿರಾ?" ಎಂದರು ಸಭಾಪತಿಗಳು. "ಇದು ಹೆಬ್ಬೆಟ್ಟಿನವರ ಪೆಟ್ಟಿಗೆ. ವಿದ್ಯಾವಂತರ ಊರಿನಲ್ಲಿ ಇದಕ್ಕೆ ಜಾಗವಿಲ್ಲ."

"ಹಾಡು ಚೆನ್ನಾಗಿರಲಿಲ್ಲವೇ ಸ್ವಾಮಿ?" ಎಂದ ತಿಪ್ಪಣಾಚಾರಿ.

"ಹಾಡು ಚೆನ್ನಾಗಿತ್ತಯ್ಯ. ಬೆರಳು ಸರಿಯಿಲ್ಲ."

ಆ ಏಳು ಜನರ ಮೇಲೆ ನನಗೆ ಇವತ್ತಿಗೂ ಸಿಟ್ಟಿದೆ. ತಿಪ್ಪಣಾಚಾರಿಗೆ ಸಿಟ್ಟು ಮಾಡಿಕೊಳ್ಳುವ ಪುರುಸೊತ್ತು ಇರಲಿಲ್ಲ. ಮರುದಿನವೇ ಕಾರ್ಯಾಗಾರಕ್ಕೆ ಬೀಗ ಹಾಕಿ ಮಹಲಿನಲ್ಲಿ ಬಟ್ಟೆ ಹಿಡಿದು ನಿಂತ.

ಮರುವರ್ಷ ಮಹಲಿನವರು ಹೊಸ ಹಲಗೆ ತಂದರು. ಹೆಬ್ಬೆರಳು ಒತ್ತಿದರೆ ಮಾತ್ರ ಅದು ತೆರೆಯುತ್ತದೆ ಎಂದು ಡಂಗುರ ಹೊಡೆಸಿದರು. ಎಂಥ ಬುದ್ಧಿವಂತಿಕೆ ಎಂದು ಊರೇ ಕೊಂಡಾಡಿತು. ನಸುಕಿನಿಂದಲೇ ಸಾಲು ನಿಂತಿತು, ಸಾಲಿನ ತಲೆಯಲ್ಲಿ ಸಭಾಪತಿಗಳು. ಹಲಗೆಯ ಮೇಲೆ ಇರುವೆ ಸಾಲಿನಂಥ ಸಣ್ಣ ಅಕ್ಷರಗಳ ಮಾರುದ್ದದ ಒಪ್ಪಂದ, ಅದರ ಕೊನೆಗೆ ಹೆಬ್ಬೆರಳಿಗೊಂದು ದುಂಡನೆಯ ಜಾಗ. ಸಭಾಪತಿಗಳು ಸರ್ರನೆ ಕೊನೆಗೆ ಸವರಿ ಒತ್ತಿಬಿಟ್ಟರು.

ಮಗನಿಗೆ ಬುತ್ತಿ ತಂದಿದ್ದ ಕಾಳಮ್ಮ ಕೇಳಿದಳು: "ಅದ್ರಲ್ಲಿ ಏನು ಬರೆದಿತ್ತು ಸ್ವಾಮಿ?"

"ಅದನ್ನೆಲ್ಲ ಯಾರು ಓದ್ತಾರಮ್ಮ!"

"ಅಯ್ಯೋ, ನಾನು ಯಾರ ಕೈಲಾದ್ರೂ ಓದಿಸಿ ಕೇಳಿದ ಮೇಲೇ ಒತ್ತೋದು."

ಸಭಾಪತಿಗಳಿಗೆ ಅದು ಕೇಳಿಸಲಿಲ್ಲ. ಹೊಸ ಹಲಗೆಯಲ್ಲಿ ಮುಖ ಹುದುಗಿಸಿ ಆಗಲೇ ಚರಂಡಿಯ ಕಡೆ ಹೊರಟಿದ್ದರು. ತಿಪ್ಪಣಾಚಾರಿ ತಲೆಯೆತ್ತಿ ನೋಡಿದ. ಓಡಿಹೋಗಿ ಹಿಡಿಯಲು ಅವನಿಗೆ ಬಿಡುವಿರಲಿಲ್ಲ, ಮುಂದಿನವರು ಒತ್ತುವುದಕ್ಕೆ ಗಾಜು ಒರೆಸಬೇಕಿತ್ತು.